ಪೀಕಿಂಗೋ, ಬೀಜಿಂಗೋ, ಪೇಯ್‌ಚಿಂಗೋ: ಚೀನೀ ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಯಾವ ದಾರಿ?

ಆಧುನಿಕ ಚೀನಾದ ಇತಿಹಾಸದ ಬಗೆಗಿನ ಅನುವಾದವೊಂದರ ಕರಡು ತಿದ್ದಿ, ಕೊನೆಗೆ ಹೆಸರುಗಳ ಸೂಚಿ ಕಟ್ಟುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ‘ಚ’ ಅಡಿಯಲ್ಲಿ ಚಿಯಾಂಗ್ ಕೈ ಷೇಕ್ ಬಂದರು, ‘ಜ’ ಅಡಿಯಲ್ಲಿ ಜಿಯಾಂಗ್ ಜಿಯೆಷಿ ಬಂದರು. ಇಬ್ಬರಿಗೂ ಬೇರೆ ಬೇರೆ ಪುಟಸಂಖ್ಯೆ ಹಾಕಿ ಮುಗಿಸಿದ ಮೇಲೆ ಅನುಮಾನ ಶುರುವಾಯಿತು. ಇಬ್ಬರೂ ಚೀನೀ ಗಣರಾಜ್ಯದ ಸ್ಥಾಪಕ ಸನ್ ಯಾತ್ ಸೆನ್ ಅವರ ಶಿಷ್ಯರು, ಇಬ್ಬರೂ 1949ರಲ್ಲಿ ಸೋತು ತೈವಾನಿಗೆ ಹೋದವರು, ಇಬ್ಬರ ಹೆಂಡತಿಯೂ ಸೂಂಗ್ ಮನೆಯ ಕಿರಿ ಮಗಳು. ಇದ್ದದ್ದು ಒಬ್ಬನೇ ಆಸಾಮಿ. ಮೂಲ ಲೇಖಕರು ಒಂದು ಕಡೆ ಹಳೆಯ ಪುಸ್ತಕದಿಂದ, ಇನ್ನೊಂದು ಕಡೆ ಹೊಸ ಲೇಖನದಿಂದ ಉದ್ಧರಿಸಿದ್ದರು. ನಾನು ಕಣ್ಣು ಮುಚ್ಚಿಕೊಂಡು ಎರಡನ್ನೂ ಇಳಿಸಿದ್ದೆ.

ಆಮೇಲೆ ಸಮಾಧಾನ ಕೊಟ್ಟ ಸಂಗತಿಯೊಂದಿದೆ. 2009ರಲ್ಲಿ ಚೀನಾದಲ್ಲೇ ಇದೇ ಹೆಸರು ನಗೆಪಾಟಲಾಗಿತ್ತು. ವಿದ್ವತ್ ಗ್ರಂಥವೊಂದು ವಿದೇಶಿ ಆಕರದಲ್ಲಿದ್ದ ‘ಚಿಯಾಂಗ್ ಕೈ ಷೇಕ್’ ಯಾರೆಂದು ತಿಳಿಯದೆ, ‘ಛಾಂಗ್ ಖಾಯ್‌ಷೆನ್’ ಎಂಬ ಹೊಸ ಮನುಷ್ಯನನ್ನು ಚೀನೀ ಲಿಪಿಯಲ್ಲಿ ಹುಟ್ಟುಹಾಕಿಬಿಟ್ಟಿತ್ತು. ತಮ್ಮ ದೇಶವನ್ನು ಇಪ್ಪತ್ತು ವರ್ಷ ಆಳಿದವನೇ ಪಾಶ್ಚಾತ್ಯ ವೇಷದಲ್ಲಿ ಎದುರಾದಾಗ ಅವರಿಗೆ ಗುರುತು ಸಿಗಲಿಲ್ಲ ಎಂದಮೇಲೆ ನಮ್ಮ ಪಾಡು ಕೇಳಬೇಕೆ.

ಚೀನಾದ ಬಗ್ಗೆ ಕನ್ನಡದಲ್ಲಿ ಬರೆಯುವವರ ಮುಂದೆ ನಾಲ್ಕು ದಾರಿಗಳಿವೆ. ಯಾವುದೂ ಪೂರ್ತಿ ಸರಿಯಲ್ಲ. ಯಾವ ದಾರಿ ಯಾವ ಹೆಸರಿಗೆ ಎಂದು ತೀರ್ಮಾನಿಸಬೇಕಾದರೆ ಆ ಹೆಸರು ಯಾರ ಕಿವಿಯ ಮೂಲಕ, ಯಾವ ಬಂದರಿನಿಂದ ಹೊರಟು ನಮ್ಮವರೆಗೆ ಬಂತು ಎಂಬುದು ಗೊತ್ತಿರಬೇಕು.

ಒಂದು: ಹಳೆಯ ಪತ್ರಿಕೆಗಳ ಚೀನಾ

ಪೀಕಿಂಗ್, ಕ್ಯಾಂಟನ್, ಚೌ ಎನ್ ಲಾಯ್, ಮಾವೋ ತ್ಸೆ ತುಂಗ್. ಐವತ್ತು ದಾಟಿದ ಕನ್ನಡಿಗರಿಗೆ ಚೀನಾ ಎಂದರೆ ಇವೇ ಹೆಸರುಗಳು. ನೋಡಲು ಒಂದೇ ಬಗೆಯವಾಗಿ ಕಂಡರೂ ಇವು ಎರಡು ಕಚೇರಿಗಳಿಂದ ಬಂದವು.

ವ್ಯಕ್ತಿನಾಮಗಳ ಹಿಂದಿರುವವರು ಇಬ್ಬರು ಬ್ರಿಟಿಷ್ ಅಧಿಕಾರಿಗಳು. ಥಾಮಸ್ ವೇಡ್ ಮೊದಲ ಅಫೀಮು ಯುದ್ಧದ ಕಾಲಕ್ಕೆ ಸೈನಿಕನಾಗಿ ಚೀನಾಕ್ಕೆ ಬಂದು, ರಾಜತಂತ್ರಜ್ಞನಾಗಿ ಉಳಿದು, 1867ರಲ್ಲಿ ಪೀಕಿಂಗಿನ ಮಾತು ಕಲಿಸುವ ಪಠ್ಯ ಪ್ರಕಟಿಸಿದ. 1888ರಲ್ಲಿ ಕೇಂಬ್ರಿಜ್‌ನ ಚೀನೀ ಭಾಷೆಯ ಮೊದಲ ಪ್ರಾಧ್ಯಾಪಕನಾದ. ಅವನ ಅಕ್ಷರಕ್ರಮವನ್ನು ತಿದ್ದಿ 1892ರ ನಿಘಂಟಿನಲ್ಲಿ ಗಟ್ಟಿ ಮಾಡಿದವನು ಹರ್ಬರ್ಟ್ ಜೈಲ್ಸ್, ಅವನೂ ಕಾನ್ಸುಲೇಟ್ ನೌಕರ. ಹೀಗೆ ಚೀನೀ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ವೇಡ್–ಜೈಲ್ಸ್ ಪದ್ಧತಿ ಹುಟ್ಟಿತು. 1842ರ ನಾನ್‌ಕಿಂಗ್ ಒಪ್ಪಂದ ಐದು ಬಂದರುಗಳ ಬಾಗಿಲನ್ನು ಒದ್ದು ತೆರೆದ ಮೇಲೆ ಅಲ್ಲಿಗೆ ಹೋಗಿ ದುಡಿಯಬೇಕಾದ ಇಂಗ್ಲಿಷ್ ಹುಡುಗರಿಗೆಂದು ಮಾಡಿದ ಕೈಪಿಡಿ ಅದು.

ಊರುಗಳ ಹೆಸರು ಬಂದದ್ದು ಅಂಚೆಯಿಂದ. ಛಿಂಗ್ ಅರಸರ ಸುಂಕದ ಇಲಾಖೆಯನ್ನು ದಶಕಗಟ್ಟಲೆ ನಡೆಸಿದವನು ರಾಬರ್ಟ್ ಹಾರ್ಟ್ ಎಂಬ ಐರಿಷ್ ಮನುಷ್ಯ. ಚೀನಾದ ಬೊಕ್ಕಸಕ್ಕೆ ಸುಂಕ, ವಸೂಲಿಗೆ ವಿದೇಶಿಯರು. 1896ರಲ್ಲಿ ಶುರುವಾದ ಅಂಚೆ ವ್ಯವಸ್ಥೆಯೂ ಅವನ ಕೈಕೆಳಗೇ ಇತ್ತು. 1906ರಲ್ಲಿ ಶಾಂಘೈನಲ್ಲಿ ಸಭೆ ಸೇರಿ ಊರಿನ ಹೆಸರುಗಳ ಕಾಗುಣಿತ ಗೊತ್ತುಮಾಡಿದಾಗ, ವ್ಯಾಪಾರಿಗಳ ಬಾಯಲ್ಲಿ ಆಗಲೇ ಕೂತಿದ್ದ ರೂಪಗಳನ್ನು ಕೆದಕಲು ಯಾರೂ ಹೋಗಲಿಲ್ಲ. ಕ್ಯಾಂಟನ್ (ಈಗಿನ ಗುವಾಂಗ್‌ಜೌ) ಪೋರ್ಚುಗೀಸರ ಬಾಯಿಂದ ಬಂದದ್ದು, ಅದೂ ಊರಿನ ಹೆಸರಲ್ಲ, ಗುವಾಂಗ್‌ದೊಂಗ್ ಪ್ರಾಂತ್ಯದ ಹೆಸರಿನ ಅಪಭ್ರಂಶ. ಅಮೋಯ್ ಎಂಬುದು ಶಿಯಾಮೆನ್ ಬಂದರನ್ನು ಆ ಭಾಗದ ಜನ ತಮ್ಮ ಆಡುಮಾತಿನಲ್ಲಿ ಕರೆಯುತ್ತಿದ್ದ ಬಗೆ.

ಪೀಕಿಂಗ್ ಎಂಬುದನ್ನು ಬಿಳಿಯರು ಕೆಡಿಸಿದ ಹೆಸರು ಎಂದು ಅನೇಕರು ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಜೆಸ್ವಿಟ್ ಪಾದ್ರಿಗಳು ಬರೆದಿಟ್ಟುಕೊಂಡ ಕಾಲಕ್ಕೆ ಆ ಹೆಸರಿನ ಎರಡನೆಯ ಅಕ್ಷರದಲ್ಲಿ ‘ಕ’ಕಾರವೇ ಇತ್ತು. ಉತ್ತರದ ಮಾತಿನಲ್ಲಿ ಮುಂದೆ ‘ಇ’ ಸ್ವರ ಬಂದಾಗ ‘ಕ’ ಮೆತ್ತಗಾಗಿ ‘ಚ’ ಆಯಿತು. ನಮ್ಮ ಕಿವಿ ತಮಿಳಿನಲ್ಲಿ ಚೆವಿ ಆದ ಹಾಗೆ, ನಮ್ಮ ಕೇರಿ ಅಲ್ಲಿ ಚೇರಿ ಆದ ಹಾಗೆ. ದಕ್ಷಿಣದ ಕ್ಯಾಂಟನೀಸ್ ಮಾತಿನಲ್ಲಿ ಇಂದಿಗೂ ಆ ಹಳೆಯ ಕಂಠ್ಯ ಧ್ವನಿ ಉಳಿದಿದೆ. ಪೀಕಿಂಗ್ ಕೆಟ್ಟ ಹೆಸರಲ್ಲ, ಹಳಗನ್ನಡದಂಥ ಹೆಸರು.

ಇನ್ನೊಂದು ವಿಷಯ ಕನ್ನಡದವರಿಗೆ ಮಾತ್ರ ಚೆನ್ನಾಗಿ ಅರ್ಥವಾಗುವಂಥದ್ದು. ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ತುಟಿಯ ಮುಂದೆ ಹಿಡಿದು ‘ಕಡ್ಡಿ’ ಎನ್ನಿ. ಕಾಗದ ಅಲುಗದು. ‘ಖಡ್ಗ’ ಎಂದು ಒತ್ತಿ ಹೇಳಿ, ಅಲುಗುತ್ತದೆ. ಚೀನೀ ಮಾತಿನ ವ್ಯಂಜನಗಳು ಒಡೆದುಕೊಳ್ಳುವುದು ಸರಿಯಾಗಿ ಈ ಗೆರೆಯಲ್ಲಿ. ಅಲ್ಲಿ ಕ–ಗ ಭೇದವಿಲ್ಲ, ಕ–ಖ ಭೇದವಿದೆ. ತ–ದ ಇಲ್ಲ, ತ–ಥ ಇದೆ. ಅಲ್ಪಪ್ರಾಣ, ಮಹಾಪ್ರಾಣ ಎಂದು ಪ್ರಾಥಮಿಕ ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ ಇದು ಸಲೀಸು. ಇಂಗ್ಲಿಷಿನವರಿಗೆ ಅಕ್ಷರ ಸಾಲಲಿಲ್ಲ. ಹಾಗಾಗಿ ವೇಡ್, ಉಸಿರು ಹೊಮ್ಮುವ ಕಡೆಯೆಲ್ಲ ಅಕ್ಷರದ ನೆತ್ತಿಯ ಪಕ್ಕ ಒಂದು ಅಪಾಸ್ಟ್ರಫಿ ಇಟ್ಟ. ಪತ್ರಿಕೆಗಳ ಅಚ್ಚುಮೊಳೆ ಜೋಡಿಸುವವರಿಗೆ ಅದು ಕಿರಿಕಿರಿ, ಉದುರಿಸಿಬಿಟ್ಟರು. ಆ ಚುಕ್ಕೆ ಉದುರಿದ್ದೇ ಪದ್ಧತಿ ಕುಸಿಯಿತು. ಅದರ ಜೊತೆ ‘ಉ’ ಮೇಲಿನ ಜೋಡಿ ಚುಕ್ಕೆಯೂ ಹೋದ ಮೇಲೆ, ನಾಲ್ಕು ಬೇರೆ ಬೇರೆ ಉಚ್ಚಾರಗಳು ಒಂದೇ ‘ಚು’ ಆಗಿ ಕೂತವು. ಕೆಂಪುಸೇನೆಯ ದಂಡನಾಯಕ ಜು ದೆ, ರಷ್ಯನ್ ಸಾಹಿತ್ಯದ ಅನುವಾದಕ ಛು ಛಿಯುಬಾಯ್ ಇಬ್ಬರೂ ಹಳೆಯ ಪುಟಗಳಲ್ಲಿ ಚು ಮನೆತನದವರಂತೆ ಕಾಣುವುದು ಇದಕ್ಕೇ.

ಹಾಗಿದ್ದರೂ ಉಸಿರು ಹೊಮ್ಮದ ಕಡೆ ಹಳೆಯ ದಾರಿಯೇ ಗೆಲ್ಲುತ್ತದೆ. ಮಾವೋ ತ್ಸೆ ತುಂಗ್ ಎಂಬ ಹಳೆಯ ಕನ್ನಡ ರೂಪ ಚೀನೀಯರ ಉಚ್ಚಾರಕ್ಕೆ ಎಷ್ಟು ಹತ್ತಿರವಿದೆಯೆಂದರೆ, ‘ಝೆಡಾಂಗ್’ ಎಂದು ತಿದ್ದುವವರನ್ನು ಕಂಡರೆ ನನಗೆ ಕೈ ಹಿಡಿದು ನಿಲ್ಲಿಸಬೇಕೆನಿಸುತ್ತದೆ.

ಎರಡು: ಪಿನ್ಯಿನ್ ಕಂಡ ಹಾಗೆ

ಈಗಿನ ಎಲ್ಲ ಪತ್ರಿಕೆಗಳ ದಾರಿ ಇದು, ಚೀನಾ ಸರ್ಕಾರವೇ ಗೊತ್ತುಮಾಡಿದ ರೋಮನ್ ಕಾಗುಣಿತ. ಇದರ ಹಿಂದೆ ಒಬ್ಬ ಬ್ಯಾಂಕಿನವರ ಕತೆ ಇದೆ. ಜೌ ಯೌಗುವಾಂಗ್ 1906ರಲ್ಲಿ ಹುಟ್ಟಿದವರು. ಶಾಂಘೈನ ಮಿಷನರಿ ಕಾಲೇಜಿನಲ್ಲಿ ಓದಿದರು, ನ್ಯೂಯಾರ್ಕಿನಲ್ಲಿ ಚೀನೀ ಬ್ಯಾಂಕಿನ ಪರವಾಗಿ ಕೆಲಸ ಮಾಡಿದರು, 1949ರಲ್ಲಿ ಹೊಸ ದೇಶ ಕಟ್ಟುವ ಹುಮ್ಮಸ್ಸಿನಿಂದ ಮರಳಿ ಬಂದು ಅರ್ಥಶಾಸ್ತ್ರ ಪಾಠ ಹೇಳತೊಡಗಿದರು. ಭಾಷೆ ಅವರ ಹವ್ಯಾಸ ಅಷ್ಟೆ. 1955ರಲ್ಲಿ ಬೀಜಿಂಗಿನಿಂದ ಕರೆ ಬಂತು: ಚೀನೀ ಉಚ್ಚಾರಣೆಗೆ ಒಂದು ಅಕ್ಷರಮಾಲೆ ಬೇಕು. ಸೋವಿಯತ್ ಗೆಳೆತನದ ದಿನಗಳವು, ಸಿರಿಲಿಕ್ ಲಿಪಿಯ ಮಾತೂ ಇತ್ತು. ಕೊನೆಗೆ ರೋಮನ್ ಅಕ್ಷರಗಳೇ ಗಟ್ಟಿಯಾದವು. ಇಪ್ಪತ್ತಾರು ಅಕ್ಷರಕ್ಕೆ ಸಮಿತಿ ಮೂರು ವರ್ಷ ತಿಣುಕಿತು. 1958ರ ಫೆಬ್ರವರಿ 11ರಂದು ಪಿನ್ಯಿನ್‌ಗೆ ಒಪ್ಪಿಗೆ ಸಿಕ್ಕಿತು. ಸಾಂಸ್ಕೃತಿಕ ಕ್ರಾಂತಿ ಅವರನ್ನೂ ಬಿಡಲಿಲ್ಲ, ನಿಂಗ್‌ಶಿಯಾದ ಹೊಲಗಳಲ್ಲಿ ದುಡಿಸಿತು. 1980ರ ದಶಕದಲ್ಲಿ ಅದೇ ಮನುಷ್ಯ ಬ್ರಿಟಾನಿಕಾ ವಿಶ್ವಕೋಶವನ್ನು ಚೀನೀ ಭಾಷೆಗೆ ತರುವ ಕೆಲಸದಲ್ಲಿ ಕೂತಿದ್ದರು. 111ನೇ ಹುಟ್ಟುಹಬ್ಬದ ಮರುದಿನ, 2017ರ ಜನವರಿ 14ರಂದು, ತೀರಿಕೊಂಡರು.

ಅಂದಹಾಗೆ ಅವರ ಮನೆತನದ ಹೆಸರು ಮತ್ತು ಪ್ರಧಾನಿ ಚೌ ಎನ್ ಲಾಯ್ ಅವರದ್ದು ಒಂದೇ. ನಾನು ಒಂದನ್ನು ‘ಜೌ’, ಇನ್ನೊಂದನ್ನು ‘ಚೌ’ ಎಂದು ಬರೆಯುತ್ತಿದ್ದೇನೆ. ಈ ಎಡವಟ್ಟಿಗೆ ಕಾರಣ ಮುಂದೆ ಹೇಳುತ್ತೇನೆ.

ಹೊರಗಿನ ಜಗತ್ತಿಗೆ ಪಿನ್ಯಿನ್ ದಾಟಿದ್ದು ಇಪ್ಪತ್ತು ವರ್ಷ ತಡವಾಗಿ. 1979ರ ಜನವರಿ 1ರಿಂದ ಚೀನಾ ತನ್ನ ವಿದೇಶಿ ಪ್ರಕಟಣೆಗಳಲ್ಲೆಲ್ಲ ಪಿನ್ಯಿನ್ ಬಳಸತೊಡಗಿತು. ಅಮೆರಿಕದ ಜೊತೆ ರಾಜತಾಂತ್ರಿಕ ಸಂಬಂಧ ಆರಂಭವಾದದ್ದೂ ಅದೇ ದಿನ. ಅದೇ ದಿನಾಂಕದ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಮಾತ್ರ ಹೊಸ ನಾಯಕ ಹಳೆಯ ವೇಡ್–ಜೈಲ್ಸ್ ರೂಪದಲ್ಲಿ, ಅಪಾಸ್ಟ್ರಫಿ ಸಮೇತ, ತೆಂಗ್ ಶಿಯಾವ್‌ಫಿಂಗ್ ಆಗಿ ನಿಂತಿದ್ದರು. ಏಳು ವರ್ಷದ ಬಳಿಕ ಅದೇ ಪತ್ರಿಕೆ ಮತ್ತೆ ವರ್ಷದ ವ್ಯಕ್ತಿ ಎಂದು ಆರಿಸಿದಾಗ ಅವರು ದೆಂಗ್ ಆಗಿದ್ದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಪಟ್ಟಿಗಳನ್ನು ಬದಲಿಸಿದ್ದು 2000ದಲ್ಲಿ.

ಪಿನ್ಯಿನ್‌ನ ಲಾಭ ದೊಡ್ಡದು. ಇಡೀ ಜಗತ್ತಿಗೆ ಒಂದೇ ಕಾಗುಣಿತ, ಹುಡುಕಿದರೆ ಸಿಗುತ್ತದೆ. ತೊಂದರೆ ಬರುವುದು ನಾವು ಅದನ್ನು ಇಂಗ್ಲಿಷಿನಂತೆ ಓದಿ ಕನ್ನಡಕ್ಕೆ ಇಳಿಸುವಾಗ. ಅಕ್ಷರ ರೋಮನ್ನಿನದು, ಬೆಲೆ ಚೀನಾದ್ದು. ಕ್ಯೂ ಕಂಡರೆ ‘ಕ್ವ’ ಅಲ್ಲ, ‘ಛ’. ಎಕ್ಸ್ ಎಂದರೆ ‘ಶ’. ಸಿ ಎಂದರೆ ‘ತ್ಸ’. ಇದು ಗೊತ್ತಿಲ್ಲದವರ ಕೈಯಲ್ಲಿ ಛಿಂಗ್ ವಂಶ ‘ಕ್ವಿಂಗ್’ ಆಗುತ್ತದೆ. ಲೈಪ್‌ಜಿಗ್‌ನಲ್ಲಿ ಓದಿ ಬಂದು 1917ರಿಂದ ಪೀಕಿಂಗ್ ವಿಶ್ವವಿದ್ಯಾಲಯದ ಚುಕ್ಕಾಣಿ ಹಿಡಿದ ತ್ಸಾಯ್ ಯುವಾನ್‌ಪೇಯ್ ‘ಕೈ’ ಆಗುತ್ತಾರೆ. ನಲವತ್ತೇಳು ವರ್ಷ ಪರದೆಯ ಹಿಂದಿನಿಂದ ಆಳಿದ ರಾಜಮಾತೆ ತ್ಸಿಶಿ ‘ಸಿಕ್ಸಿ’ ಆಗಿ, ಬೌಂಡರಿ ಆಚೆ ಬಿದ್ದ ಚೆಂಡಿನಂತೆ ಕೇಳಿಸುತ್ತಾಳೆ. 2014ರಲ್ಲಿ ನಮ್ಮ ದೇಶದ ವಾರ್ತಾವಾಚಕಿಯೊಬ್ಬರು ಶಿ ಜಿನ್‌ಪಿಂಗ್ ಹೆಸರಿನ ಮೊದಲ ಎರಡಕ್ಷರವನ್ನು ರೋಮನ್ ಅಂಕಿ ಎಂದು ತಿಳಿದು ‘ಇಲೆವೆನ್’ ಎಂದು ಓದಿ ಕೆಲಸ ಕಳೆದುಕೊಂಡರು. ಅಷ್ಟು ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಮೂರು: ಕಿವಿಗೆ ಬಿದ್ದ ಹಾಗೆ

ಚೀನಾದ ಸರ್ಕಾರಿ ಬಾನುಲಿಯ ಹಿಂದಿ ವಿಭಾಗ ಈ ದಾರಿ ಹಿಡಿದಿದೆ. ಅವರು ಬೀಜಿಂಗ್ ಎನ್ನುವುದಿಲ್ಲ, ‘ಪೇಇಚಿಂಗ್’ ಎಂದು ಬರೆಯುತ್ತಾರೆ. ಶಿ ಜಿನ್‌ಪಿಂಗ್ ಅವರಲ್ಲಿ ‘ಶೀ ಚಿನಫಿಂಗ್’. ದೇವನಾಗರಿಯ ಅಲ್ಪಪ್ರಾಣ–ಮಹಾಪ್ರಾಣಗಳನ್ನು ಸರಿಯಾಗಿ ದುಡಿಸಿಕೊಂಡಿದ್ದಾರೆ. ಕನ್ನಡಕ್ಕೂ ಇದು ಹೇಳಿ ಮಾಡಿಸಿದ ದಾರಿ ಎಂದು ಕೆಲ ಕಾಲ ನಂಬಿದ್ದೆ. ಶಕಾರ–ಷಕಾರವನ್ನೂ ಇಲ್ಲಿ ಕೆಲಸಕ್ಕೆ ಹಚ್ಚಬಹುದು: ಪಿನ್ಯಿನ್‌ನ ಎಕ್ಸ್ ತಾಲವ್ಯ, ಎಸ್ಎಚ್ ಮೂರ್ಧನ್ಯ. ಬೇರೆ ಎಷ್ಟೋ ಲಿಪಿಗಳಿಗೆ ಇಲ್ಲದ ಅನುಕೂಲ.

ದಾರಿ ಮುಚ್ಚಿದ್ದು ಒಂದೇ ಅಕ್ಷರದಲ್ಲಿ. ‘ಫ’. ಫೋನು, ಫ್ಯಾನು, ಫೀಸು ಬಂದ ಮೇಲೆ ಕನ್ನಡದ ‘ಫ’ವನ್ನು ಪ-ವರ್ಗದ ಮಹಾಪ್ರಾಣವಾಗಿ ಯಾರೂ ಓದುವುದಿಲ್ಲ, ಫಲವನ್ನೂ ಫ್ಯಾನಿನ ಫಕಾರದಲ್ಲೇ ಓದುತ್ತೇವೆ. ಶಾಂಘೈನ ಗಗನಚುಂಬಿಗಳ ಫುತುಂಗ್ ಮತ್ತು ಅಫೀಮು ಯುದ್ಧದ ಬಂದರು ಫುಚೌ, ಚೀನಾದಲ್ಲಿ ಎರಡು ಬೇರೆ ಧ್ವನಿ, ನಮ್ಮಲ್ಲಿ ಒಂದೇ. ಅಡಿಯಲ್ಲಿ ಚುಕ್ಕೆ ಇಟ್ಟು ಬೇರ್ಪಡಿಸಬಹುದು, ಆದರೆ ಆ ಚುಕ್ಕೆ ಉದುರಿದರೆ ಏನಾಗುತ್ತದೆ ಎಂಬುದನ್ನು ವೇಡ್ ಸಾಹೇಬರ ಕತೆಯಲ್ಲಿ ನೋಡಿದ್ದೇವೆ. ಜೊತೆಗೆ, ಪೇಯ್‌ಚಿಂಗ್ ಎಂದು ಬರೆದರೆ ಓದುಗ ಅದು ಯಾವುದೋ ಸಣ್ಣ ಊರು ಎಂದುಕೊಳ್ಳುತ್ತಾನೆ.

ಸ್ವರದ ಏರಿಳಿತಕ್ಕಂತೂ ಯಾವ ದಾರಿಯಲ್ಲೂ ಮದ್ದಿಲ್ಲ. ಅಕ್ಕಪಕ್ಕದ ಎರಡು ಪ್ರಾಂತ್ಯಗಳು, ಎರಡೂ ಷಾನ್‌ಶಿ. ಚೀನೀಯರಿಗೆ ಧ್ವನಿಯ ಏರಿಳಿತದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ರೋಮನ್ನಿನಲ್ಲಿ ಒಂದಕ್ಕೆ ಎರಡು ‘ಎ’ ಹಾಕಿ ಬಚಾವಾಗಿದ್ದಾರೆ. ಆ ಉಪಾಯ ಜಾವ್ ಯುವಾನ್‌ರೆನ್ ಮೊದಲಾದವರು ರೂಪಿಸಿ 1928ರಲ್ಲಿ ಜಾರಿಗೆ ಬಂದ ಇನ್ನೊಂದು ಪದ್ಧತಿಯಿಂದ ಎರವಲು. ಈ ಜಾವ್ ಕಾರ್ನೆಲ್‌ನಲ್ಲಿ ಗಣಿತ ಓದಿದವರು, 1920ರಲ್ಲಿ ಬರ್ಟ್ರಂಡ್ ರಸೆಲ್ ಚೀನಾಕ್ಕೆ ಬಂದಾಗ ದುಭಾಷಿಯಾಗಿ ಜೊತೆಗೆ ಓಡಾಡಿದವರು. ಕನ್ನಡದಲ್ಲಿ ‘ಷಾಆನ್‌ಶಿ’ ಎಂದು ಬರೆದರೆ ಆಕಳಿಕೆಯಂತಿರುತ್ತದೆ. ‘ಶಿಆನ್ ನಗರದ ಷಾನ್‌ಶಿ’, ‘ತಾಯ್‌ಯುವಾನ್ ನಗರದ ಷಾನ್‌ಶಿ’ ಎಂದು ರಾಜಧಾನಿ ಸೇರಿಸಿ ಬರೆಯಿರಿ, ಸಾಕು.

ನಾಲ್ಕು: ಅವರವರು ರುಜು ಹಾಕಿದ ಹಾಗೆ

ನನಗೆ ಹೆಚ್ಚು ಇಷ್ಟವಾದ ದಾರಿ. ಪಶ್ಚಿಮದ ಜೊತೆ ಒಡನಾಡಿದ ಚೀನೀಯರು ತಮ್ಮ ಹೆಸರನ್ನು ರೋಮನ್ನಿನಲ್ಲಿ ಹೇಗೆ ಬರೆದುಕೊಂಡರೋ ಹಾಗೆಯೇ ಬಿಡುವುದು. ಆ ಕಾಗುಣಿತವೇ ಒಂದು ಜೀವನಚರಿತ್ರೆ.

ಯುಂಗ್ ವಿಂಗ್ ಮಕಾವ್ ಪಕ್ಕದ ಹಳ್ಳಿಯ ಹುಡುಗ, ಮಿಷನರಿ ಶಾಲೆಯಿಂದ ಅಮೆರಿಕಕ್ಕೆ ಹೋಗಿ 1854ರಲ್ಲಿ ಯೇಲ್‌ನಿಂದ ಪದವಿ ಪಡೆದ. ಪಿನ್ಯಿನ್‌ನಲ್ಲಿ ಅವನು ರೊಂಗ್ ಹೊಂಗ್. ಆ ಹೆಸರಿನವನನ್ನು ಯೇಲ್‌ನಲ್ಲಿ ಯಾರೂ ಕಂಡಿರಲಿಲ್ಲ. ಅವನ ಹಟದಿಂದ 1872ರಿಂದ ನಾಲ್ಕು ತಂಡಗಳಲ್ಲಿ 120 ಹುಡುಗರು ಜಡೆ, ನಿಲುವಂಗಿ ಸಮೇತ ನ್ಯೂ ಇಂಗ್ಲೆಂಡಿನ ಮನೆಗಳಿಗೆ ಬಂದಿಳಿದರು. ಬೇಸ್‌ಬಾಲ್ ಆಡಿದರು, ಚರ್ಚಿಗೆ ಹೋದರು. ಇವರು ಚೀನೀಯರಾಗಿ ಉಳಿಯುವುದಿಲ್ಲ ಎಂದು ಹೆದರಿದ ಸರ್ಕಾರ 1881ರಲ್ಲಿ ಎಲ್ಲರನ್ನೂ ವಾಪಸು ಕರೆಸಿಕೊಂಡಿತು. ಅಷ್ಟರಲ್ಲಿ ಪದವಿ ಮುಗಿಸಿದ್ದ ಬೆರಳೆಣಿಕೆಯವರಲ್ಲಿ ಒಬ್ಬ ‘ಜೀಮ್ ತಿಯೆನ್ ಯೌ’ ಎಂದು ಸಹಿ ಹಾಕುತ್ತಿದ್ದ. ಕ್ಯಾಂಟನೀಸ್ ಮನೆಮಾತಿನ ಉಚ್ಚಾರ, ತಾನೇ ಮಾಡಿಕೊಂಡ ಕಾಗುಣಿತ. 1905ರಿಂದ 1909ರವರೆಗೆ ಪೀಕಿಂಗಿನಿಂದ ಜಾಂಗ್‌ಜಿಯಾಕೌವರೆಗೆ, ಮಹಾಗೋಡೆಯ ಕಣಿವೆಯ ಮೂಲಕ, ವಿದೇಶಿ ಎಂಜಿನಿಯರುಗಳ ನೆರವಿಲ್ಲದೆ ರೈಲುಹಾದಿ ಹಾಕಿಸಿದ್ದು ಇವನೇ. ಚೀನೀ ಮಕ್ಕಳು ಪಾಠಪುಸ್ತಕದಲ್ಲಿ ಜಾನ್ ತಿಯೆನ್‌ಯೌ ಎಂದು ಓದುವವನು.

ಸನ್ ಯಾತ್ ಸೆನ್ ವಿಷಯ ಇನ್ನೂ ಗೋಜಲು. ಅದು ಕ್ಯಾಂಟನೀಸ್ ಉಚ್ಚಾರ. ಹವಾಯಿಯಲ್ಲಿ ಶಾಲೆ, ಹಾಂಗ್‌ಕಾಂಗಿನಲ್ಲಿ ವೈದ್ಯಕೀಯ ಓದಿದವರ ಹೆಸರು. ಚೀನಾದಲ್ಲಿ ಅವರನ್ನು ಕರೆಯುವುದು ಸುನ್ ಜೊಂಗ್‌ಷಾನ್ ಎಂದು, ಅದು ಅವರು ಜಪಾನಿನಲ್ಲಿ ತಲೆಮರೆಸಿಕೊಂಡಿದ್ದಾಗ ಇಟ್ಟುಕೊಂಡ ‘ನಾಕಾಯಾಮಾ’ ಎಂಬ ಹೆಸರಿನ ಚೀನೀ ಓದು. ನಿಯಮಕ್ಕೆ ಕಟ್ಟುಬಿದ್ದು ‘ಸುನ್ ಯೀಶಿಯೆನ್’ ಎಂದು ಪಿನ್ಯಿನ್ ಮಾಡಿದರೆ ಅದು ಅಲ್ಲಿಯವರಿಗೂ ಅಪರಿಚಿತ, ಇಲ್ಲಿಯವರಿಗೂ ಅಪರಿಚಿತ. ಚಿಯಾಂಗ್ ಕೈ ಷೇಕ್ ಅಂತೂ ಕಸಿ ಮಾಡಿದ ಗಿಡ: ಮನೆತನದ ಹೆಸರು ಉತ್ತರದ ಉಚ್ಚಾರ, ಇಟ್ಟ ಹೆಸರು ದಕ್ಷಿಣದ್ದು. ಅವರು ಕ್ಯಾಂಟನ್ನಿನವರೇ ಅಲ್ಲ, ಜೆಜಿಯಾಂಗ್‌ನವರು.

ಸಂಸ್ಥೆಗಳೂ ಹೀಗೇ. ವಿದೇಶಿಯರ ವಿರುದ್ಧ ನಡೆದ ಬಾಕ್ಸರ್ ದಂಗೆಗೆ ಚೀನಾ ತೆತ್ತ ದಂಡದ ಹಣದಲ್ಲಿ ಅಮೆರಿಕ ಹಿಂತಿರುಗಿಸಿದ ಪಾಲಿನಿಂದ 1911ರಲ್ಲಿ ತಲೆಯೆತ್ತಿದ ವಿದ್ಯಾಸಂಸ್ಥೆ ತ್ಸಿಂಗ್ಹುವಾ, ಪಿನ್ಯಿನ್ ಪ್ರಕಾರ ಛಿಂಗ್ಹುವಾ ಆಗಬೇಕಿತ್ತು. ಇಂಗ್ಲಿಷಿನಲ್ಲಿ ಅವರು ಇಂದಿಗೂ ಹಳೆಯದನ್ನೇ ಬಳಸುತ್ತಾರೆ. ಪೀಕಿಂಗ್ ವಿಶ್ವವಿದ್ಯಾಲಯವೂ ಹೆಸರು ಬದಲಿಸಿಲ್ಲ.

ಈ ದಾರಿಯ ದೋಷ ಒಂದೇ: ಪ್ರತಿಯೊಬ್ಬರ ಹೆಸರಿನ ಹಿಂದೆ ಓಡಬೇಕು. ನಾಳೆ ಬೆಳಿಗ್ಗೆ ಪುಟ ಕಟ್ಟಬೇಕಾದವರಿಗೆ ಅದು ಆಗದ ಮಾತು.

ಹಾಗಾದರೆ ಯಾವುದನ್ನು ಹಿಡಿಯುವುದು

ಸುದ್ದಿ ಬರೆಯುವವರಿಗೆ ಪಿನ್ಯಿನ್ ಬಿಟ್ಟು ಬೇರೆ ಯೋಚನೆ ಬೇಡ. ಕ್ಯೂ, ಎಕ್ಸ್, ಸಿ, ಝಡ್ ನಾಲ್ಕನ್ನು ಮಾತ್ರ ಇಂಗ್ಲಿಷಿನ ಕಣ್ಣಿಂದ ಓದಬೇಡಿ. ನಾನು ಬ, ದ, ಗ, ಜಗಳನ್ನು ಕಂಡಂತೆ ಇಟ್ಟುಕೊಳ್ಳುತ್ತೇನೆ. ‘ಝ’ ಬಿಟ್ಟಿದ್ದೇನೆ, ಅದು ನಮ್ಮಲ್ಲಿ ಮಹಾಪ್ರಾಣ, ಅವರಲ್ಲಿ ಉಸಿರೇ ಇಲ್ಲ. ಡಕಾರಕ್ಕಿಂತ ದಕಾರ ಹತ್ತಿರ, ಆದರೆ ಸಂಪಾದಕರು ‘ಡೆಂಗ್’ ಮಾಡಿದರೆ ಜಗಳಕ್ಕೆ ಹೋಗುವುದಿಲ್ಲ.

ಇತಿಹಾಸ ಬರೆಯುವವರಿಗೆ 1949 ಒಳ್ಳೆಯ ಬೇಲಿ. ಅದಕ್ಕಿಂತ ಮುಂಚೆ ಹೊರಜಗತ್ತಿನಲ್ಲಿ ಹೆಸರಾದವರು ತಮ್ಮ ರುಜುವಿನ ಹೆಸರಿನಲ್ಲೇ ಇರಲಿ, ಮೊದಲ ಸಲ ಬಂದಾಗ ಆವರಣದಲ್ಲಿ ಪಿನ್ಯಿನ್ ರೂಪ ಕೊಡಿ. ಮಾವೋ, ಚೌ ಇಬ್ಬರೂ ಬೇಲಿಯ ಮೇಲೆ ಕೂತವರು. ಕನ್ನಡದಲ್ಲಿ ಹಳೆಯ ರೂಪವೇ ಬೇರೂರಿದೆ, ಉಚ್ಚಾರಕ್ಕೂ ಹತ್ತಿರವಿದೆ, ಹಾಗಾಗಿ ಬದಲಿಸುವುದಿಲ್ಲ. ಆ ‘ಜೌ–ಚೌ’ ಎಡವಟ್ಟು ಇದರ ಬೆಲೆ, ತೆರುತ್ತೇನೆ. ಒಪ್ಪಂದ ನಾನ್‌ಕಿಂಗಿನದು, ಊರು ನಾನ್‌ಜಿಂಗ್.

ತೈವಾನಿನವರ ಹೆಸರನ್ನು ಪಿನ್ಯಿನ್‌ಗೆ ತಿರುಗಿಸಬೇಡಿ. ಅಲ್ಲಿನ ಮಾಜಿ ಅಧ್ಯಕ್ಷೆ ತ್ಸಾಯ್ ಇಂಗ್ ವೆನ್ ತಮ್ಮ ಹೆಸರು ಬರೆದುಕೊಳ್ಳುವ ರೀತಿ ಬೇರೆ, ಬೀಜಿಂಗ್ ಬರೆಯುವ ರೀತಿ ಬೇರೆ, ಅಲ್ಲಿ ಕಾಗುಣಿತವೂ ರಾಜಕೀಯ. ಶಿಗತ್ಸೆಯಂಥ ಟಿಬೆಟಿನ ಊರುಗಳ ಹೆಸರನ್ನು ಚೀನೀ ನಕಾಶೆಯಿಂದ ಎತ್ತಲೇಬೇಡಿ. ಬೈಲಕುಪ್ಪೆಯಲ್ಲಿ ಯಾರನ್ನು ಕೇಳಿದರೂ ಶಿಗತ್ಸೆ ಎನ್ನುತ್ತಾರೆ.

ಅರ್ಥ ಹೊತ್ತ ಹೆಸರುಗಳಿಗೆ ನಾಲ್ಕು ದಾರಿಯೂ ಸಾಲದು, ಅಡಿಟಿಪ್ಪಣಿಯೇ ಗತಿ. ಆಡುಮಾತಿನಲ್ಲೇ ಸಾಹಿತ್ಯ ಬರೆಯಬೇಕೆಂದು 1917ರಲ್ಲಿ ವಾದ ಹೂಡಿದ ಹು ಷಿ ಹುಟ್ಟುಹೆಸರಿನಿಂದ ಹು ಷಿ ಅಲ್ಲ. ಯಾನ್ ಫು 1898ರಲ್ಲಿ ವಿಕಾಸವಾದಿ ಹಕ್ಸ್ಲಿಯ ಪುಸ್ತಕವನ್ನು ಚೀನೀ ಭಾಷೆಗೆ ತಂದ ಮೇಲೆ ‘ಯೋಗ್ಯವಾದದ್ದು ಉಳಿಯುತ್ತದೆ’ ಎಂಬ ಮಾತು ಶಾಲಾ ಹುಡುಗರ ಬಾಯಲ್ಲೆಲ್ಲ ಇತ್ತು. ಆ ಮಾತಿನ ‘ಯೋಗ್ಯ’ ಎಂಬ ಅಕ್ಷರವಾದ ‘ಷಿ’ಯನ್ನೇ ಹು ಷಿ ಹೆಸರಾಗಿ ಇಟ್ಟುಕೊಂಡರು.

ನಮ್ಮ ಸೂಚಿಯ ವಿಷಯಕ್ಕೆ ಬಂದರೆ, ಕೊನೆಗೆ ‘ಜ’ ಅಡಿಯಲ್ಲಿ ಒಂದೇ ಸಾಲು ಉಳಿಸಿದೆ: ‘ಜಿಯಾಂಗ್ ಜಿಯೆಷಿ: ನೋಡಿ, ಚಿಯಾಂಗ್ ಕೈ ಷೇಕ್.’

ಇನ್ನು ಹ್ಯೂಯೆನ್ ತ್ಸಾಂಗ್. ಶ್ಯುವೆನ್‌ತ್ಸಾಂಗ್ ಎಂದು ತಿದ್ದಬೇಕೇ ಎಂದು ಆಗಾಗ ಯಾರಾದರೂ ಕೇಳುತ್ತಾರೆ. ಪುಲಕೇಶಿಯ ಪಾಠದಲ್ಲಿ ತಲೆಮಾರುಗಳು ಓದಿದ ಹೆಸರು, ಇರಲಿ ಬಿಡಿ ಎನ್ನುತ್ತೇನೆ. ಆದರೆ ನೋಡಿ, ಏಳನೇ ಶತಮಾನದಲ್ಲಿ ನಮ್ಮ ಅರಸನ ನಾಡಿಗೇ ಬಂದು ಹೋದವನ ಹೆಸರು ನಮಗೆ ಸಿಕ್ಕಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಅವನ ಪ್ರವಾಸಕಥನವನ್ನು ಪ್ಯಾರಿಸ್, ಲಂಡನ್‌ಗಳ ಪಂಡಿತರು ಅನುವಾದಿಸಿದ ಮೇಲೆ, ಅವರ ಕಾಗುಣಿತದಲ್ಲಿ. ಅವನಿಗೂ ಇದೇ ತಾಪತ್ರಯ ಎದುರಾಗಿತ್ತು: ಪುಲಕೇಶಿ ಎಂಬ ಹೆಸರನ್ನು ಚೀನೀ ಲಿಪಿಯಲ್ಲಿ ಬರೆಯುವುದು ಹೇಗೆ? ಕಿವಿಗೆ ಬಿದ್ದಂತೆ ನಾಲ್ಕು ಅಕ್ಷರ ಬರೆದ, ಮೂರನೆಯದರಲ್ಲಿ ಆಗ ‘ಕ’ಕಾರವಿತ್ತು. ಈಗ ಬೀಜಿಂಗಿನ ವಿದ್ಯಾರ್ಥಿ ಅದೇ ಸಾಲನ್ನು ಜೋರಾಗಿ ಓದಿದರೆ ‘ಪು-ಲ್ವೊ-ಚಿ-ಷೆ’ ಎಂದು ಕೇಳಿಸುತ್ತದೆ.